ಅಡಿಕೆ ಸಂಘದ ಸಾಫ್ಟ್‌ವೇರ್ ಹೊರಗುತ್ತಿಗೆ: ನೂರಕ್ಕೆ ಎಪ್ಪತ್ತು ಹಣ ಹೋಗಿದೆ, ಪಟ್ಟಿ ಇನ್ನೂ ತಾಳೆಯಾಗುತ್ತಿಲ್ಲ

ಮಲೆನಾಡಿಗ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯ ಅಡಿಕೆ ಮಾರಾಟ ಸಹಕಾರಿ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು ಹದಿನೇಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಸದಸ್ಯರ ಸಂಖ್ಯೆ ಸುಮಾರು 2,300. ಊರಿನ ಹುಡುಗನೊಬ್ಬ ಹಿಂದೆಂದೋ ಬರೆದುಕೊಟ್ಟ ಪ್ರೋಗ್ರಾಂ ಇಷ್ಟು ವರ್ಷ ನಡೆದುಕೊಂಡು ಬಂದಿತ್ತು. ಅದು ಓಡುತ್ತಿದ್ದ ಕಂಪ್ಯೂಟರ್ ಇಂದೋ ನಾಳೆಯೋ ಎನ್ನುವ ಸ್ಥಿತಿಗೆ ಬಂದಾಗ ಆಡಳಿತ ಮಂಡಳಿಯು ಮೂರು ಕೊಟೇಶನ್ ತರಿಸಿ, ಬೆಂಗಳೂರಿನ ಒಂದು ಸಣ್ಣ ಸಂಸ್ಥೆಗೆ ಹೊಸ ಸಾಫ್ಟ್‌ವೇರ್ ಮಾಡುವ ಕೆಲಸವನ್ನು ಜಿಎಸ್‌ಟಿ ಬಿಟ್ಟು 18 ಲಕ್ಷ ರೂಪಾಯಿಗೆ ವಹಿಸಿತು. ಒಂಬತ್ತು ತಿಂಗಳ ಮಾತಾಗಿತ್ತು. ಈಗ ಹದಿನಾಲ್ಕು ತಿಂಗಳು ಕಳೆದಿವೆ.

ಮುಂಗಡವೆಂದು ನೂರಕ್ಕೆ 30, ವಿನ್ಯಾಸ ಒಪ್ಪಿದಾಗ 20, ಮೊದಲ ಡೆಮೊ ತೋರಿಸಿದಾಗ 20, ಕೆಲಸ ಪೂರ್ಣಗೊಂಡಾಗ ಉಳಿದ 30 ಎಂದು ಕಂತುಗಳಿದ್ದವು. ಮೊದಲ ಮೂರು ಕಂತುಗಳು, ಅಂದರೆ 12.6 ಲಕ್ಷ ರೂಪಾಯಿ, ಸಂದಾಯವಾಗಿವೆ. ಸಾಫ್ಟ್‌ವೇರಿನ ಹನ್ನೊಂದು ಮಾಡ್ಯೂಲ್‌ಗಳಲ್ಲಿ (ಭಾಗಗಳಲ್ಲಿ) ಹತ್ತು ಮುಗಿದಿವೆ ಎಂದು ಪ್ರತಿ ಸೋಮವಾರ ವರದಿ ಬರುತ್ತದೆ. ಆದರೆ ಸಂಘದ ಜೀವಾಳವಾದ ಮಾರಾಟ ಪಟ್ಟಿಯನ್ನು, ಅಂದರೆ ಮಾಲು ಮಾರಿದ ಸದಸ್ಯನಿಗೆ ಕೊಡುವ ಲೆಕ್ಕದ ಹಾಳೆಯನ್ನು, ಹೊಸ ಸಾಫ್ಟ್‌ವೇರಿನಲ್ಲಿ ತೆಗೆದರೆ ಹಳೆಯದಕ್ಕೂ ಅದಕ್ಕೂ ಹೊಂದುವುದಿಲ್ಲ. ಕೇಳಿದರೆ ಅದು ಚೇಂಜ್ ರಿಕ್ವೆಸ್ಟ್ (ಒಪ್ಪಿದ ಕೆಲಸದಾಚೆಯ ಬದಲಾವಣೆ) ಆಗುತ್ತದೆ, ಇನ್ನೂ 4.5 ಲಕ್ಷ ಬೇಕು ಎನ್ನುತ್ತಾರೆ. ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಡೆವಲಪರ್ ಬಿಟ್ಟು ಹೋಗಿ, ಅವರ ಜಾಗಕ್ಕೆ ಬಂದವರೂ ಬಿಟ್ಟು, ಈಗ ಮೂರನೆಯವರು ಬಂದಿದ್ದಾರೆ. ಅಡಿಕೆಯ ತರಹಗಳಲ್ಲಿ ಬೆಟ್ಟೆ ಎಂದರೇನು, ರಾಶಿ ಎಂದರೇನು ಎಂಬಲ್ಲಿಂದ ನಾನು ಮತ್ತೆ ಆರಂಭಿಸಬೇಕಾಯಿತು.

ಇಲ್ಲಿಗೇ ಕೈಬಿಟ್ಟು ಬೇರೆಯವರಿಗೆ ಕೊಡೋಣವೆಂದು ಮಂಡಳಿಯಲ್ಲಿ ಅರ್ಧ ಜನ ಹೇಳಿದರೆ, ಹೋದ ಹಣ ನೀರಿಗೆ ಹಾಕಿದಂತಾಗುತ್ತದೆ, ಕೇಳಿದಷ್ಟು ಕೊಟ್ಟು ಮುಗಿಸಿಕೊಳ್ಳೋಣವೆಂದು ಉಳಿದರ್ಧ ಜನ ಹೇಳುತ್ತಿದ್ದಾರೆ. ಇಂಥ ಕೆಲಸಗಳನ್ನು ನಿಭಾಯಿಸಿದವರು ದಯವಿಟ್ಟು ದಾರಿ ತೋರಿಸಬೇಕು.

ಹಳೇ ಟೆಸ್ಟರ್ ಬರೆದಿದ್ದಾರೆ:

ಮಲೆನಾಡಿಗರೇ, ಕೈಬಿಡುವುದೋ ಮುಂದುವರಿಸುವುದೋ ಎಂಬ ಪ್ರಶ್ನೆಯನ್ನು ಎರಡು ವಾರ ಬದಿಗಿಡಿ. ಎಷ್ಟು ಕೆಲಸ ಆಗಿದೆ ಎಂಬುದೇ ತಮಗೆ ಈಗ ಗೊತ್ತಿಲ್ಲ. ಗೊತ್ತಿರುವುದು ಸೋಮವಾರದ ವರದಿ ಮಾತ್ರ, ಅದನ್ನು ಬರೆಯುತ್ತಿರುವವರು ಹಣ ಪಡೆಯಬೇಕಾದವರು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನ್ನ ಅಭಿಪ್ರಾಯವಲ್ಲ. ಡೆವಲಪರ್‌ಗೆ ಪರದೆ ಬಂದು, ಗುಂಡಿ ಒತ್ತಿದರೆ ದಾಖಲೆ ಉಳಿದರೆ ಮಾಡ್ಯೂಲ್ ಮುಗಿದಂತೆಯೇ. ತಮಗೆ ಅದು ಮುಗಿಯುವುದು ಸದಸ್ಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಕರಾರಿಲ್ಲದೆ ಮನೆಗೆ ಹೋದಾಗ. ಈ ಎರಡು 'ಮುಗಿದಿದೆ'ಗಳ ನಡುವಿನ ಅಂತರ ಎಷ್ಟಿದೆ ಎಂದು ಯಾರೂ ಅಳೆದಿಲ್ಲ.

ಅಳೆಯುವ ಬಗೆ ಹೇಳುತ್ತೇನೆ. ಕಳೆದ ಹಂಗಾಮಿನ ಹಳೆಯ ಪಟ್ಟಿಗಳಿಂದ ಐವತ್ತು ಅರವತ್ತನ್ನು ಆರಿಸಿಕೊಳ್ಳಿ. ಸಲೀಸಾದವೇ ಬೇಡ. ತಕರಾರು ಬಂದು ತಿದ್ದಿದವು, ಸಾಲ ಮುರಿದುಕೊಂಡವು, ಅರ್ಧ ಮಾಲು ಮಾರಿ ಅರ್ಧ ಉಳಿಸಿಕೊಂಡವು, ಹಬ್ಬದ ಹಿಂದಿನ ದಿನದ ಗಡಿಬಿಡಿಯವು, ಎಲ್ಲವೂ ಇರಲಿ. ಹೊಸ ಸಾಫ್ಟ್‌ವೇರಿನಲ್ಲಿ ಅವೇ ಅಂಕಿಗಳನ್ನು ತಮ್ಮ ಗುಮಾಸ್ತರ ಕೈಯಿಂದಲೇ ನಮೂದಿಸಿ. ಡೆವಲಪರ್ ಪಕ್ಕದಲ್ಲಿ ಕುಳಿತು ನೋಡಲಿ, ಕೀಬೋರ್ಡ್ ಮುಟ್ಟುವುದು ಬೇಡ. ಪೈಸೆಗೆ ಪೈಸೆ ತಾಳೆ ನೋಡಿ, ತಪ್ಪಿದ್ದಕ್ಕೆ ಕಾರಣ ಬರೆದುಕೊಳ್ಳಿ. ಅರವತ್ತು ತಪ್ಪುಗಳಿದ್ದರೂ ಕಾರಣಗಳು ನಾಲ್ಕೈದೇ ಇರುತ್ತವೆ ಎಂಬುದು ನನ್ನ ಇಪ್ಪತ್ತು ವರ್ಷಗಳ ಅನುಭವ.

ಇನ್ನೊಂದು ಮಾತು. ಡೆಮೊ ನೋಡಿ ಕಂತು ಬಿಡುಗಡೆ ಮಾಡುವ ಪದ್ಧತಿ ಕೆಟ್ಟದ್ದು. ಡೆಮೊ ಎಂದರೆ ಮಾಡಿದವರೇ ಆರಿಸಿದ ದಾರಿಯಲ್ಲಿ, ಅವರೇ ತುಂಬಿಸಿದ ಅಂಕಿಗಳೊಂದಿಗೆ ನಡೆಯುವ ಮೆರವಣಿಗೆ. ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಕರಾರು ಪತ್ರ ಬರೆದಿದ್ದಾರೆ:

ನಾನು ವಕೀಲ. ಇದನ್ನು ಕಾನೂನು ಸಲಹೆಯೆಂದು ತೆಗೆದುಕೊಳ್ಳದೆ, ತಮ್ಮ ವಕೀಲರೊಂದಿಗೆ ಮಾತನಾಡುವಾಗ ಕೇಳಬೇಕಾದ ಪ್ರಶ್ನೆಗಳೆಂದು ತೆಗೆದುಕೊಳ್ಳಿ.

ಹಣ ಕೊಟ್ಟು ಬರೆಸಿದ ಸಾಫ್ಟ್‌ವೇರ್ ನಮ್ಮದೇ ಎಂಬುದು ಸಾಮಾನ್ಯ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ನೌಕರ ತನ್ನ ನೌಕರಿಯ ಭಾಗವಾಗಿ ಬರೆದದ್ದು ಮಾಲೀಕನಿಗೆ ಸೇರುತ್ತದೆ ಎಂದು 17ನೇ ಕಲಮು ಹೇಳುವುದು ನಿಜ. ಆದರೆ ಇಲ್ಲಿ ನೌಕರ ಅವರವನು, ತಮ್ಮವನಲ್ಲ. ಆದ್ದರಿಂದ ಹಕ್ಕು ತಮಗೆ ಬರಬೇಕಾದರೆ ಅದನ್ನು ಬರಹದಲ್ಲಿ, ಸಹಿಯೊಂದಿಗೆ ವರ್ಗಾಯಿಸಿರಬೇಕು, ಬಾಯಿಮಾತು ಸಾಲದು. ವರ್ಗಾವಣೆ ಪತ್ರ ಇದ್ದರೂ ಅದನ್ನು ಹೇಗೆ ಬರೆದಿದ್ದಾರೆ ಎಂಬುದು ಮುಖ್ಯ. 19ನೇ ಕಲಮಿನ ಪ್ರಕಾರ, ಅವಧಿಯನ್ನು ಹೇಳದೆ ಬಿಟ್ಟರೆ ಐದು ವರ್ಷ ಎಂದೂ, ವ್ಯಾಪ್ತಿಯನ್ನು ಹೇಳದೆ ಬಿಟ್ಟರೆ ಭಾರತದೊಳಗೆ ಮಾತ್ರ ಎಂದೂ ಭಾವಿಸಲಾಗುತ್ತದೆ. ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದಿದ್ದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಐದು ವರ್ಷ ಎಂಬುದು ಅಡಿಕೆ ಸಂಘಕ್ಕೆ ಎಷ್ಟು ಸಣ್ಣ ಅವಧಿ ಎಂದು ತಮಗೆ ಹೇಳಬೇಕಾಗಿಲ್ಲ. ತೋಟ ಹಾಕಿದವರಿಗೆ ಸಸಿ ಫಸಲು ಕೊಡುವುದಕ್ಕೇ ಅಷ್ಟು ಕಾಲ ಬೇಕು.

ಬೇರೆಯವರಿಗೆ ಕೊಡೋಣ ಎನ್ನುವ ಸದಸ್ಯರಿಗೆ ಈ ಮಾತನ್ನು ಮುಟ್ಟಿಸಿ. ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಯಾರ ಬಳಿ ಇದೆ, ಅದನ್ನು ಮೂರನೆಯವರು ತಿದ್ದಲು ತಮಗೆ ಅಧಿಕಾರವಿದೆಯೇ ಎಂಬುದು ತೀರ್ಮಾನವಾಗದೆ ಇನ್ನೊಬ್ಬರು ಬಂದು ಮಾಡುವುದೇನೂ ಇಲ್ಲ. ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ನೆನಪಿಡಿ. ಸದಸ್ಯರ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳನ್ನು ಪರೀಕ್ಷೆಗೆಂದು ಅವರಿಗೆ ಕಳುಹಿಸಿದ್ದರೆ, ಅವು ಅಲ್ಲಿಂದ ಸೋರಿದರೂ ಸದಸ್ಯರಿಗೆ ಉತ್ತರ ಕೊಡಬೇಕಾದ ಹೊಣೆ ಸಂಘದ್ದೇ. ವೆಂಡರ್ (ಕೆಲಸ ವಹಿಸಿಕೊಂಡ ಸಂಸ್ಥೆ) ಜೊತೆ ಏನೇ ಬರೆದುಕೊಂಡಿದ್ದರೂ ಕಾಯ್ದೆ ಆ ಹೊಣೆಯನ್ನು ತಮ್ಮ ಮೇಲಿಂದ ಇಳಿಸುವುದಿಲ್ಲ.

ಮಲೆನಾಡಿಗ ಬರೆದಿದ್ದಾರೆ:

ಕರಾರನ್ನು ನಿನ್ನೆ ಕಪಾಟಿನಿಂದ ತೆಗೆದು ಓದಿದೆ. ಕರಾರು ಎಂಬುದು ದೊಡ್ಡ ಮಾತಾಯಿತು, ಇರುವುದು ನಾಲ್ಕು ಪುಟದ ಕೊಟೇಶನ್ ಮತ್ತು ಅದರ ಮೇಲೆ ನಮ್ಮ ಅಧ್ಯಕ್ಷರ ಸಹಿ. ಕೃತಿಸ್ವಾಮ್ಯದ ಬಗ್ಗೆ ಒಂದಕ್ಷರವಿಲ್ಲ. ಕೆಲಸದ ವಿವರದಲ್ಲಿ ನಮ್ಮ ಜೀವಾಳದ ಬಗ್ಗೆ ಇರುವುದು ಒಂದೇ ಸಾಲು: 'ಮಾರಾಟ ಪಟ್ಟಿ ತಯಾರಿಕೆ ಮತ್ತು ಮುದ್ರಣ.' ಡೊಮೇನ್, ಸರ್ವರ್ ಎರಡೂ ಅವರ ಹೆಸರಿನಲ್ಲಿವೆ.

ಆ ಒಂದು ಸಾಲಿನೊಳಗೆ ಏನೇನು ಅಡಗಿದೆ ಎಂದು ಬರೆಯಲು ಕುಳಿತವನಿಗೆ ನನಗೇ ಆಶ್ಚರ್ಯವಾಯಿತು. ಸದಸ್ಯ ಚಾಲಿ (ಸಿಪ್ಪೆಯೊಂದಿಗೆ ಒಣಗಿಸಿ ಸುಲಿದ ಅಡಿಕೆ) ಎಂದು ತಂದ ಮಾಲು ವಖಾರಿಯಲ್ಲಿ ಆರಿಸಿದ ಮೇಲೆ ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ನಾಲ್ಕಾಗುತ್ತದೆ. ನಾಲ್ಕೂ ಬೇರೆ ಬೇರೆಯಾಗಿ ಟೆಂಡರಿಗೆ ಹೋಗುತ್ತವೆ, ಬೇರೆ ಬೇರೆ ವ್ಯಾಪಾರಿಗಳು ಬೇರೆ ಬೇರೆ ದರ ಬರೆಯುತ್ತಾರೆ. ಸದಸ್ಯ ಚಾಲಿಯ ದರ ಸರಿಬರಲಿಲ್ಲವೆಂದು ಅದನ್ನು ಉಳಿಸಿಕೊಂಡು ಉಳಿದ ಮೂರನ್ನು ಮಾರಬಹುದು. ಉಳಿಸಿಕೊಂಡ ಮಾಲಿನ ಮೇಲೆ ಅಂದೇ ಸಾಲ ಕೇಳಬಹುದು. ಚೀಲದ ತೂಕ ಕಳೆಯಬೇಕು, ಹಳೆಯ ಸಾಲದ ಬಡ್ಡಿ ಮುರಿಯಬೇಕು. ಇವೆಲ್ಲ ಒಂದು ಹಾಳೆಯ ಮೇಲೆ ಬರಬೇಕು. ಅವರು ಮಾಡಿರುವುದು ಒಬ್ಬ ಸದಸ್ಯ, ಒಂದು ಲಾಟು, ಒಂದು ತರಹ, ಒಬ್ಬ ವ್ಯಾಪಾರಿ ಎಂಬ ಲೆಕ್ಕದಲ್ಲಿ. ನಾವು ಇದನ್ನು ಹೇಳಿದ್ದೆವೇ ಎಂದು ಯೋಚಿಸಿದರೆ, ಆರಂಭದಲ್ಲಿ ಬಂದ ಹುಡುಗಿಗೆ ವಖಾರಿಯಲ್ಲಿ ಸುತ್ತಾಡಿಸಿ ಬಾಯಲ್ಲಿ ಹೇಳಿದ ನೆನಪಿದೆ. ಅವಳು ಬರೆದುಕೊಂಡಿದ್ದಳು. ಆ ಪುಸ್ತಕ ಅವಳೊಂದಿಗೇ ಹೋಗಿರಬೇಕು.

ಸಣ್ಣ ಕಂಪನಿ, ಮೈಸೂರು ಬರೆದಿದ್ದಾರೆ:

ಇಲ್ಲಿಯವರೆಗೆ ಕೆಲಸ ಕೊಟ್ಟವರ ಕಡೆಯ ಮಾತುಗಳೇ ಬಂದಿವೆ. ನಾನು ಕೆಲಸ ತೆಗೆದುಕೊಳ್ಳುವವನು, ಹನ್ನೆರಡು ಜನರ ಕಂಪನಿ ನಡೆಸುತ್ತೇನೆ. ಸ್ವಲ್ಪ ಖಾರವಾಗಿ ಬರೆದರೆ ಕ್ಷಮೆಯಿರಲಿ.

'ಮಾರಾಟ ಪಟ್ಟಿ ತಯಾರಿಕೆ' ಎಂಬ ಸಾಲಿಗೆ ಬೆಲೆ ಕಟ್ಟುವವನು ಸಾಮಾನ್ಯ ಬಿಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಕಟ್ಟುತ್ತಾನೆ. ಮಲೆನಾಡಿಗರು ಮೇಲೆ ಬರೆದ ಆ ಒಂದು ಪರಿಚ್ಛೇದ ಮೊದಲ ದಿನವೇ ಕೊಟೇಶನ್ ಜೊತೆ ಹೋಗಿದ್ದರೆ, ಮೂರು ಕೊಟೇಶನ್‌ಗಳಲ್ಲಿ ಎರಡು 25 ಲಕ್ಷ ದಾಟುತ್ತಿದ್ದವು ಎಂದು ನನ್ನ ಅಂದಾಜು. ಮಂಡಳಿಯು ಆಗ ಅತಿ ಕಡಿಮೆ ಬೆಲೆಯವರನ್ನು ಆರಿಸಿತು. ಅವರು ಅತಿ ಕಡಿಮೆ ಅರ್ಥಮಾಡಿಕೊಂಡವರೂ ಆಗಿದ್ದಿರಬಹುದು. ನಿಗದಿತ ಬೆಲೆಯ ಕೆಲಸದಲ್ಲಿ ಅರ್ಥವಾಗದ ಭಾಗಕ್ಕೆ ಯಾರಾದರೂ ಹಣ ತೆರಲೇಬೇಕು: ವೆಂಡರ್ ನಷ್ಟದಲ್ಲಿ, ಇಲ್ಲವೇ ಗ್ರಾಹಕ ಚೇಂಜ್ ರಿಕ್ವೆಸ್ಟಿನಲ್ಲಿ. 4.5 ಲಕ್ಷ ಹೆಚ್ಚಾಯಿತೆಂದು ನನಗೂ ಅನ್ನಿಸುತ್ತದೆ, ಆದರೆ ಸೊನ್ನೆಯೂ ನ್ಯಾಯವಲ್ಲ. ಲಾಟು ಒಡೆಯುವುದನ್ನು, ಅಂದರೆ ಒಬ್ಬರು ತಂದ ಮಾಲನ್ನು ಹಲವು ತರಹಗಳಾಗಿ ಬೇರೆ ಬೇರೆ ಲೆಕ್ಕ ಹಾಕುವುದನ್ನು, ನಂತರ ಸೇರಿಸುವುದೆಂದರೆ ಮನೆ ಕಟ್ಟಿದ ಮೇಲೆ ಅಡಿಪಾಯದ ಅಳತೆ ಬದಲಿಸಿದ ಹಾಗೆ. ಡೇಟಾಬೇಸಿನಿಂದಲೇ ತಿದ್ದಿಕೊಂಡು ಬರಬೇಕು.

ಇನ್ನು ವಿಳಂಬದ ವಿಷಯ. ಕಳೆದ ವರ್ಷ ನಾವು ಒಂದು ಗ್ರಾಹಕರಿಗೆ, ವಾಪಸು ಬಂದ ಮಾಲಿನ ತೆರಿಗೆಯನ್ನು ಯಾವ ತಿಂಗಳಿಗೆ ಹಾಕಬೇಕು ಎಂಬ ಒಂದೇ ಪ್ರಶ್ನೆ ಕಳುಹಿಸಿ ಇಪ್ಪತ್ತಮೂರು ದಿನ ಕಾದೆವು. ಅಷ್ಟು ದಿನ ಆ ಡೆವಲಪರ್‌ನ ಸಂಬಳ ನಿಲ್ಲಲಿಲ್ಲ, ಅವನನ್ನು ಬೇರೆ ಕೆಲಸಕ್ಕೆ ಹಾಕಿದೆ. ಉತ್ತರ ಬಂದಾಗ ಅವನು ಅಲ್ಲಿ ಸಿಕ್ಕಿಕೊಂಡಿದ್ದ. ಗ್ರಾಹಕರ ದೃಷ್ಟಿಯಲ್ಲಿ ನಾವು ತಡಮಾಡಿದವರು. ಹುಡುಗರು ಬಿಟ್ಟುಹೋಗುವುದನ್ನು ತಡೆಯಲು ನನ್ನಂಥವನಿಂದ ಸಾಧ್ಯವಿಲ್ಲ, ಎರಡು ವರ್ಷ ಅನುಭವವಾದ ಕೂಡಲೇ ಬೆಂಗಳೂರಿನ ದೊಡ್ಡ ಕಂಪನಿ ಒಂದೂವರೆ ಪಟ್ಟು ಸಂಬಳ ತೋರಿಸುತ್ತದೆ. ಕರಾರಿನಲ್ಲಿ 'ಡೆವಲಪರ್ ಬದಲಾಗಬಾರದು' ಎಂದು ಬರೆಸುವವರಿದ್ದಾರೆ, ಅದು ಕಾಗದದ ಮೇಲಿನ ಸಮಾಧಾನ. ಅದರ ಬದಲು, ಬಿಡುವವನು ಮತ್ತು ಬರುವವನು ಎರಡು ವಾರ ಜೊತೆಗಿರಬೇಕು, ಅದರ ಖರ್ಚು ವೆಂಡರ್‌ನದು ಎಂದು ಬರೆಸಿದರೆ ನಾನೂ ಸಹಿ ಹಾಕುತ್ತೇನೆ.

ಹಣ ತಡೆಹಿಡಿಯುವ ಮುನ್ನ ಒಂದು ಎಚ್ಚರಿಕೆ. ಆ ಸಂಸ್ಥೆ ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಕೆಲಸ ಒಪ್ಪಿದ ಮೇಲೆ ಹಣಕ್ಕೆ 45 ದಿನಕ್ಕಿಂತ ಹೆಚ್ಚು ಗಡುವು ಬರೆದುಕೊಳ್ಳುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆಕ್ಷೇಪವಿದ್ದರೆ ಕೆಲಸ ಕೈಗೆ ಬಂದ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ಫೋನಿನಲ್ಲಿ ಬೈದದ್ದು ಆಕ್ಷೇಪವೆಂದು ಲೆಕ್ಕಕ್ಕೆ ಬರುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿ ಬರೆದಿದ್ದಾರೆ:

ಮೈಸೂರಿನವರ ಮಾತಿಗೆ ನನ್ನ ಸಹಮತವಿದೆ. ನಾನು ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಗ್ರಾಹಕರ ಕೆಲಸ ಮಾಡಿಸುತ್ತಲೇ ತಲೆ ನರೆಸಿಕೊಂಡವನು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ಕೆಲಸ ಕಳುಹಿಸತೊಡಗಿದಾಗಿನಿಂದ ಈ ಊರು ಹೊರಗುತ್ತಿಗೆಯನ್ನು ಕೆಲಸ ಮಾಡುವವರ ಕಡೆಯಿಂದ ಚೆನ್ನಾಗಿ ಕಲಿತಿದೆ. ಆದರೆ ನಮ್ಮದೇ ಸಂಘಗಳು, ಶಾಲೆಗಳು, ಆಸ್ಪತ್ರೆಗಳು ಕೆಲಸ ಮಾಡಿಸುವವರಾದಾಗ ಆ ಕಲಿಕೆ ಅವರಿಗೆ ಹರಿದುಬಂದಿಲ್ಲ. ಹೊರದೇಶದ ಒಳ್ಳೆಯ ಗ್ರಾಹಕರು ತಮ್ಮ ಕಡೆ ಒಬ್ಬರನ್ನು ಇದೇ ಕೆಲಸಕ್ಕೆಂದು ಕೂರಿಸುತ್ತಿದ್ದರು. ಆ ವ್ಯಕ್ತಿಗೆ ವ್ಯವಹಾರ ಗೊತ್ತು, ತೀರ್ಮಾನಿಸುವ ಅಧಿಕಾರ ಉಂಟು, ದಿನಕ್ಕೆರಡು ತಾಸು ಇದಕ್ಕೇ ಮೀಸಲು. ಅವರಿದ್ದ ಕೆಲಸಗಳು ಮುಗಿದವು. ಇಲ್ಲದವುಗಳಲ್ಲಿ ನಾವು ಎಷ್ಟೇ ಒಳ್ಳೆಯ ಎಂಜಿನಿಯರುಗಳನ್ನು ಹಾಕಿದರೂ ಊಹೆಯ ಮೇಲೆ ಕಟ್ಟಿದೆವು.

ದೊಡ್ಡವರೂ ಇಲ್ಲೇ ಎಡವಿದ್ದಾರೆ. ಅಮೆರಿಕದ ಸರ್ಕಾರ 2013ರ ಅಕ್ಟೋಬರ್ 1ರಂದು ಆರೋಗ್ಯ ವಿಮೆಯ ಜಾಲತಾಣವನ್ನು ತೆರೆದಾಗ ಮೊದಲ ದಿನ ನೋಂದಣಿ ಪೂರ್ಣಗೊಳಿಸಲು ಸಾಧ್ಯವಾದದ್ದು ಆರೇ ಜನರಿಗೆ. ಹತ್ತಾರು ಗುತ್ತಿಗೆದಾರರು ತಮ್ಮ ತಮ್ಮ ತುಣುಕು ಮುಗಿದಿದೆ ಎಂದಿದ್ದರು. ತುಣುಕುಗಳನ್ನು ಕೂಡಿಸುವ ಹೊಣೆಯನ್ನು, ಅದಕ್ಕೆ ಬೇಕಾದ ಜನರಿಲ್ಲದಿದ್ದರೂ, ಇಲಾಖೆ ತಾನೇ ಇಟ್ಟುಕೊಂಡಿತ್ತು. ಆರಂಭದಿಂದ ಅಂತ್ಯದವರೆಗಿನ ಪರೀಕ್ಷೆ ನಡೆದದ್ದು ಕೊನೆಯ ಎರಡು ವಾರಗಳಲ್ಲಿ. ಅನಾಹುತವಾದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಎಲ್ಲದಕ್ಕೂ ಉತ್ತರ ಕೊಡಬೇಕಾದ ಒಂದೇ ಮುಖ್ಯ ಗುತ್ತಿಗೆದಾರ ಸಂಸ್ಥೆಯನ್ನು ನೇಮಿಸಿದ್ದು.

ಅಡಿಕೆ ಪಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದು. ಅಲ್ಲಿನ ಆರೋಗ್ಯ ಇಲಾಖೆಯ ವೇತನ ವ್ಯವಸ್ಥೆ 2010ರ ಮಾರ್ಚ್‌ನಲ್ಲಿ ಚಾಲೂ ಆದಾಗ ಸಾವಿರಾರು ದಾದಿಯರಿಗೆ, ವೈದ್ಯರಿಗೆ ಸಂಬಳ ತಪ್ಪಾಗಿ ಬಂತು, ಕೆಲವರಿಗೆ ಬರಲೇ ಇಲ್ಲ. ಪಾಳಿ, ಭತ್ಯೆ, ಒಪ್ಪಂದಗಳು ಸೇರಿ ಸಂಬಳ ಲೆಕ್ಕದ ಸಂಯೋಜನೆಗಳು 24,000ಕ್ಕೂ ಹೆಚ್ಚಿದ್ದವು. ಗುತ್ತಿಗೆ ಬರೆಯುವಾಗ ಅಗತ್ಯಗಳನ್ನು ಸರಿಯಾಗಿ ಗುರುತಿಸಿರಲಿಲ್ಲ. 2013ರಲ್ಲಿ ವಿಚಾರಣಾ ಆಯೋಗ ವರದಿ ಕೊಡುವ ಹೊತ್ತಿಗೆ ಒಟ್ಟು ಖರ್ಚಿನ ಅಂದಾಜು 120 ಕೋಟಿ ಆಸ್ಟ್ರೇಲಿಯನ್ ಡಾಲರ್. 'ವೇತನ ಪಾವತಿ' ಎಂಬುದು ಅಲ್ಲಿ ಎಷ್ಟು ಸರಳವಾಗಿ ಕಂಡಿತೋ 'ಪಟ್ಟಿ ತಯಾರಿಕೆ' ಇಲ್ಲಿ ಅಷ್ಟೇ ಸರಳವಾಗಿ ಕಂಡಿದೆ.

ಮಲೆನಾಡಿಗರೇ, ತಮ್ಮ ಮಂಡಳಿಗೆ ಕೇಳಿ: ಈ ಕೆಲಸಕ್ಕೆ ನಿಮ್ಮಲ್ಲಿ ಯಾರನ್ನು ನೇಮಿಸಿದ್ದೀರಿ? ಹಗಲೆಲ್ಲ ಕೌಂಟರಿನಲ್ಲಿ ಕುಳಿತು ಸಂಜೆ ಆರರ ಮೇಲೆ ವೆಂಡರ್‌ನ ಫೋನು ಎತ್ತುವವರು ಎಂದಾದರೆ, ಯಾರನ್ನೂ ನೇಮಿಸಿಲ್ಲ ಎಂದೇ ಅರ್ಥ.

ನ್ಯೂಜೆರ್ಸಿ ಕನ್ನಡಿಗ ಬರೆದಿದ್ದಾರೆ:

ಒಂದು ಚಿಕ್ಕ ಮಾತು. ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ತಾಸಿನ ಅಂತರವಿಟ್ಟುಕೊಂಡು ಬೆಂಗಳೂರಿನ ತಂಡದೊಂದಿಗೆ ಹದಿನೈದು ವರ್ಷ ಕೆಲಸ ಮಾಡಿದ್ದೇನೆ. ನನ್ನ ಇಲ್ಲಿನ ಸಹೋದ್ಯೋಗಿಗಳು ಬಹಳ ಕಾಲ ಅರ್ಥಮಾಡಿಕೊಳ್ಳದೆ ಹೋದ ಒಂದು ಸಂಗತಿಯೆಂದರೆ ನಮ್ಮವರ 'ಹೂಂ'. ಹೂಂ ಎಂದರೆ ಕೇಳಿಸಿಕೊಂಡೆ ಎಂದಷ್ಟೇ. ಅರ್ಥವಾಯಿತು ಎಂದಾಗಲಿ, ಒಪ್ಪಿದೆ ಎಂದಾಗಲಿ ಅಲ್ಲ. ಹಾಗಾಗಿ ನಾನು 'ಅರ್ಥವಾಯಿತೇ' ಎಂದು ಕೇಳುವುದನ್ನು ಬಿಟ್ಟೆ. 'ಇದನ್ನು ನಾಳೆ ಬೆಳಿಗ್ಗೆ ಹೇಗೆ ಆರಂಭಿಸುತ್ತೀರಿ, ಹೇಳಿ' ಎಂದು ಕೇಳುತ್ತೇನೆ. ಉತ್ತರದ ಮೊದಲ ಎರಡು ವಾಕ್ಯಗಳಲ್ಲೇ ಗೊತ್ತಾಗುತ್ತದೆ. ಶಿರಸಿ ಸೀಮೆಗೂ ಬೆಂಗಳೂರಿಗೂ ಗಡಿಯಾರ ಒಂದೇ, ಭಾಷೆಯೂ ಒಂದೇ. ಆದರೆ ವಖಾರಿಯನ್ನೇ ನೋಡದ ಹುಡುಗನಿಗೂ ತಮಗೂ ಇರುವ ಅಂತರ ನನ್ನದಕ್ಕಿಂತ ಕಡಿಮೆಯೇನಲ್ಲ.

ಒತ್ತಕ್ಷರ ಬರೆದಿದ್ದಾರೆ:

ಕನ್ನಡದಲ್ಲಿ ಮುದ್ರಣವಿದ್ದರೆ ಇನ್ನೊಂದನ್ನು ಪರೀಕ್ಷಿಸಿ. ಸದಸ್ಯರ ಹೆಸರುಗಳು ಪೂರ್ತಿ ಬರುತ್ತಿವೆಯೇ? 'ಕೃಷ್ಣಮೂರ್ತಿ' ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿನ ಲೆಕ್ಕದಲ್ಲಿ ಹನ್ನೊಂದು ಸಂಕೇತ, ಸಾಮಾನ್ಯವಾಗಿ ಉಳಿಸಿಡುವ ಯುಟಿಎಫ್-8 ರೂಪದಲ್ಲಿ 33 ಬೈಟ್. ಇಂಗ್ಲಿಷ್ ಹೆಸರುಗಳಿಗೆ 30 ಬೈಟ್ ಧಾರಾಳವೆಂದು ಜಾಗ ಬಿಟ್ಟಿದ್ದರೆ, ಕೊನೆಯ ಗುಣಿಸು ಬಿದ್ದು 'ಕೃಷ್ಣಮೂರ್ತ' ಎಂದು ಉಳಿಯುತ್ತದೆ. ಹಳೆಯ ದತ್ತಾಂಶ ನುಡಿಯಂತಹ ಹಳೆಯ ಫಾಂಟಿನಲ್ಲಿದ್ದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿದ್ದನ್ನು ಯಂತ್ರಕ್ಕೇ ಬಿಡದೆ, ಒಬ್ಬರು ಕುಳಿತು ಹೆಸರು ಹೆಸರಾಗಿ ಓದಬೇಕು. ಅರ್ಕಾವತ್ತು, ಒತ್ತುಗಳ ಕಡೆ ತಪ್ಪುಗಳು ಅಡಗಿರುತ್ತವೆ. ಕೌಂಟರಿನ ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ, ಚೀಟಿಯನ್ನು ಚಿತ್ರವಾಗಿ ಕಳುಹಿಸಬೇಕಾಗುತ್ತದೆ. ವೆಂಡರ್‌ಗೆ ಇದು ಸಾಮಾನ್ಯವಾಗಿ ಹೊಳೆಯುವುದು ಸ್ಥಾಪನೆಯ ದಿನ.

ದರ ತಿಳಿಸುವ ಎಸ್‌ಎಂಎಸ್ ಕಳುಹಿಸುತ್ತಿದ್ದರೆ ಡಿಎಲ್‌ಟಿ ನೋಂದಣಿ (ಇಂಥ ಸಂದೇಶ ಕಳುಹಿಸುವ ಸಂಸ್ಥೆಗಳ ನೋಂದಣಿ) ಯಾರ ಹೆಸರಿನಲ್ಲಿದೆ ಎಂದೂ ನೋಡಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ನಿಯಮದಂತೆ ಸಂದೇಶದ ಹೆಡರ್ (ಕಳುಹಿಸುವವರ ಗುರುತು), ಟೆಂಪ್ಲೇಟು (ಸಂದೇಶದ ನಮೂನೆ) ಎರಡೂ ಕಳುಹಿಸುವ ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾಗಿರಬೇಕು. ವೆಂಡರ್ ಅವಸರಕ್ಕೆ ತನ್ನದರಲ್ಲೇ ಕಳುಹಿಸುತ್ತಿದ್ದರೆ, ಅವರೊಂದಿಗೆ ಸಂಬಂಧ ಕೆಟ್ಟ ದಿನವೇ ತಮ್ಮ 2,300 ಜನರಿಗೆ ಸಂದೇಶ ನಿಲ್ಲುತ್ತದೆ. ಮೊಬೈಲ್ ಆ್ಯಪ್ ಇದ್ದರೆ ಪ್ಲೇ ಸ್ಟೋರ್ ಖಾತೆಗೂ ಇದೇ ಮಾತು. ಆ ಖಾತೆಗೆ ತಗಲುವುದು ಒಂದು ಸಲದ 25 ಡಾಲರ್, ಅಷ್ಟಕ್ಕಾಗಿ ಬೇರೆಯವರ ಖಾತೆಯಲ್ಲಿ ಕೂರುವುದು ಬೇಡ.

ಮಲೆನಾಡಿಗ ಬರೆದಿದ್ದಾರೆ (ಹದಿನೆಂಟು ದಿನಗಳ ನಂತರ):

ಎಲ್ಲರಿಗೂ ಋಣಿ. ಆದದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಅರವತ್ತು ಪಟ್ಟಿಗಳನ್ನು ಆರಿಸಿದೆವು. ವೆಂಡರ್‌ನ ಹೊಸ ಡೆವಲಪರ್‌ನನ್ನು ಇಲ್ಲಿಗೇ ಕರೆಸಿ, ಸಂಘದ ಅತಿಥಿ ಕೋಣೆಯಲ್ಲಿ ನಾಲ್ಕು ದಿನ ಇರಿಸಿಕೊಂಡೆವು. ಕೌಂಟರಿನ ಇಬ್ಬರು ನಮೂದಿಸಿದರು, ನಾನು ತಾಳೆ ನೋಡಿದೆ, ಅವನು ನೋಡುತ್ತ ಕುಳಿತ. 41 ಪಟ್ಟಿಗಳು ಸರಿಹೊಂದಿದವು, 19 ತಪ್ಪಿದವು. ಹಳೇ ಟೆಸ್ಟರ್ ಹೇಳಿದಂತೆಯೇ ಕಾರಣಗಳು ನಾಲ್ಕೇ. ಹನ್ನೊಂದರಲ್ಲಿ ಲಾಟು ಒಡೆಯುವುದು. ಐದರಲ್ಲಿ ಪೂರ್ಣಾಂಕದ ದೋಷ: ಕ್ವಿಂಟಾಲಿಗೆ 45,199 ರೂಪಾಯಿ ದರದಲ್ಲಿ 3 ಕ್ವಿಂಟಾಲ್ 42.5 ಕಿಲೋ ರಾಶಿಗೆ ನಮ್ಮ ಲೆಕ್ಕ 1,54,807 ರೂಪಾಯಿ. ಅವರು ದರವನ್ನು ಕಿಲೋಗೆ ಇಳಿಸುವಾಗಲೇ 451.99 ಅನ್ನು 452 ಮಾಡಿಕೊಂಡಿದ್ದರಿಂದ 1,54,810 ಬಂತು. ಮೂರು ರೂಪಾಯಿ ಏನು ಮಹಾ ಎಂದು ಆ ಹುಡುಗ ಕೇಳಿದ. ಮೂರು ರೂಪಾಯಿಗೆ ಮಹಾಸಭೆಯಲ್ಲಿ ಮೈಕು ಹಿಡಿಯುವವರು ನಮ್ಮಲ್ಲಿದ್ದಾರೆ ಎಂದೆ. ಎರಡರಲ್ಲಿ ಮೊತ್ತ ಸರಿ, ಹೆಸರು ತುಂಡು. ಒತ್ತಕ್ಷರ ಅವರು ಕೊಟ್ಟ ಉದಾಹರಣೆಯ ಹೆಸರೇ ಒಂದರಲ್ಲಿ ಇತ್ತು.

ಉಳಿದ ಒಂದನ್ನು ಹೇಳಲು ಸಂಕೋಚವಾಗುತ್ತದೆ. ಅದರಲ್ಲಿ ತಪ್ಪಿದ್ದು ನಮ್ಮ ಹಳೆಯ ಪ್ರೋಗ್ರಾಂ. ಕೊನೆಯ ಚೀಲ ಅರ್ಧವಿದ್ದರೆ ಅದಕ್ಕೆ ಚೀಲದ ತೂಕವನ್ನು ಎರಡು ಸಲ ಕಳೆಯುತ್ತಿತ್ತು. ಎಷ್ಟು ವರ್ಷದಿಂದ ಎಂದು ಹುಡುಕುತ್ತಿದ್ದೇವೆ. ಹಳೆಯದಕ್ಕೆ ಹೊಂದಿದರೆ ಸರಿ, ಹೊಂದದಿದ್ದರೆ ತಪ್ಪು ಎಂದುಕೊಂಡು ಹದಿನಾಲ್ಕು ತಿಂಗಳು ವಾದಿಸುತ್ತಿದ್ದವನು ನಾನೇ. ಆ ವಿಷಯವನ್ನು ಮಂಡಳಿಯ ಮುಂದೆ ಬೇರೆಯಾಗಿ ಇಟ್ಟಿದ್ದೇನೆ.

ವೆಂಡರ್‌ನ ಮುಖ್ಯಸ್ಥರು ಬಂದು ಕುಳಿತು ಮಾತಾಡಿದರು. ಪಟ್ಟಿಗಳ ರಾಶಿ ಮೇಜಿನ ಮೇಲಿದ್ದುದರಿಂದ ಯಾರೂ ದನಿ ಏರಿಸಬೇಕಾಗಲಿಲ್ಲ. ಪೂರ್ಣಾಂಕ ಮತ್ತು ಹೆಸರಿನ ದೋಷಗಳನ್ನು ಅವರು ಖರ್ಚಿಲ್ಲದೆ ತಿದ್ದಬೇಕು. ಲಾಟು ಒಡೆಯುವುದು ಕೊಟೇಶನ್‌ನಲ್ಲಿ ಇರಲಿಲ್ಲವೆಂದು ನಾವೂ ಒಪ್ಪಿದೆವು, 4.5 ಲಕ್ಷ 1.6 ಲಕ್ಷಕ್ಕೆ ನಿಂತಿತು. ಬಾಕಿ 5.4 ಲಕ್ಷವನ್ನು ತಲಾ 90,000ದಂತೆ ಆರು ಕಂತು ಮಾಡಿದ್ದೇವೆ. ಪ್ರತಿ ಕಂತಿಗೂ ನಾವು ಆರಿಸಿದ ಇಪ್ಪತ್ತು ಪಟ್ಟಿಗಳು ನಮ್ಮ ಗುಮಾಸ್ತರ ಕೈಯಲ್ಲಿ ತಾಳೆಯಾಗಬೇಕು. ಸೋರ್ಸ್ ಕೋಡ್ ಸಂಘದ ಹೆಸರಿನ ರೆಪೊಸಿಟರಿಗೆ (ಕೋಡ್ ಇಡುವ ಭಂಡಾರಕ್ಕೆ) ಬಂದಿದೆ, ಡೊಮೇನ್ ವರ್ಗಾವಣೆ ನಡೆಯುತ್ತಿದೆ, ಕೃತಿಸ್ವಾಮ್ಯದ ಪತ್ರವನ್ನು ನಮ್ಮ ವಕೀಲರು ಅವಧಿ, ವ್ಯಾಪ್ತಿ ಎರಡನ್ನೂ ನಮೂದಿಸಿ ಬರೆಯುತ್ತಿದ್ದಾರೆ. ಎಸ್‌ಎಂಎಸ್ ಅವರ ಹೆಸರಿನಲ್ಲೇ ಹೋಗುತ್ತಿತ್ತು, ನಮ್ಮದನ್ನು ನೋಂದಾಯಿಸಲು ಕೊಟ್ಟಿದ್ದೇವೆ.

ನನ್ನನ್ನು ಹಂಗಾಮು ಶುರುವಾಗುವವರೆಗೆ ಮಧ್ಯಾಹ್ನದ ನಂತರ ಕೌಂಟರಿನಿಂದ ಬಿಡುಗಡೆ ಮಾಡಿದ್ದಾರೆ. ನನ್ನ ಜಾಗಕ್ಕೆ ಯಾರು ಕೂರಬೇಕು ಎಂಬ ಚರ್ಚೆಗೆ ಮಂಡಳಿ ತೆಗೆದುಕೊಂಡ ಸಮಯ 18 ಲಕ್ಷದ ಕೊಟೇಶನ್ ಒಪ್ಪಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು.

ಸಣ್ಣ ಕಂಪನಿ, ಮೈಸೂರು ಬರೆದಿದ್ದಾರೆ:

1.6 ನ್ಯಾಯವಾದ ಮೊತ್ತ. ಒಂದು ಸೇರಿಸಿಕೊಳ್ಳಿ: ಇಪ್ಪತ್ತು ಪಟ್ಟಿಗಳನ್ನು ಪ್ರತಿ ಸಲ ಹೊಸದಾಗಿ ಆರಿಸುವುದರ ಜೊತೆಗೆ, ಹಿಂದಿನ ಕಂತಿನಲ್ಲಿ ಸರಿಹೋದವನ್ನೂ ಮತ್ತೆ ಓಡಿಸಿ. ಲಾಟು ಒಡೆಯುವುದನ್ನು ಸೇರಿಸುವಾಗ ಈಗ ಸರಿಯಿರುವ ಆ 41ರಲ್ಲಿ ಕೆಲವು ಕೆಡುತ್ತವೆ. ನನ್ನ ಹುಡುಗರು ಮಾಡಿದರೂ ಕೆಡುತ್ತಿದ್ದವು.

ಮಲೆನಾಡಿಗ ಬರೆದಿದ್ದಾರೆ:

ಇಂದು ಮೊದಲ ಕಂತಿನ ಪರೀಕ್ಷೆ ನಡೆಯಿತು. ಹೊಸ ಇಪ್ಪತ್ತರಲ್ಲಿ ಹದಿನೆಂಟು ಸರಿ. ತಮ್ಮ ಮಾತು ಕೇಳಿ ಹಳೆಯ 41ನ್ನೂ ಓಡಿಸಿದೆವು, ಮೂರು ಕೆಟ್ಟಿವೆ. 90,000ದ ಚೆಕ್ಕು ಬರೆದು ಸಹಿಯಾಗಿ ನನ್ನ ಮೇಜಿನ ಖಾನೆಯಲ್ಲಿದೆ. ಆಕ್ಷೇಪದ ಪತ್ರವನ್ನು ಇಂದೇ ಅಂಚೆಗೂ ಮೇಲ್‌ಗೂ ಹಾಕಿದೆ. ಗುರುವಾರ ಮತ್ತೆ ಕೂರುತ್ತೇವೆ.